ಗಾಯದ ಸೊಪ್ಪು: ಗಬ್ಬು ಸಾವಂತಿ ಮತ್ತು ಯಾರೋ (yarrow)

1. ಗಬ್ಬು ಸಾವಂತಿ: ಟ್ರೈಡಾಕ್ಸ್ ಪ್ರೊಕಂಬೆನ್ಸ್ (ಲಿನೇಯಸ್, 1753). ಕುಟುಂಬ ಆಸ್ಟರೇಸಿ. ಮೂಲ: ಉಷ್ಣವಲಯದ ಅಮೆರಿಕ. ನಮ್ಮ ಬಯಲುಸೀಮೆಯ ಬದುಗಳಲ್ಲಿ ಸಾಮಾನ್ಯ ಕಳೆ.

2. ಬಳಕೆ: ಎಲೆ ಜಜ್ಜಿ ರಸವನ್ನು ಕೊಯ್ದ ಗಾಯಕ್ಕೆ ಹಿಂಡುವುದು, ಉದ್ದೇಶ ರಕ್ತ ನಿಲ್ಲಿಸುವುದು. ಆಳದ ಗಾಯಕ್ಕೆ ಇದನ್ನೇ ನಂಬಬಾರದು, ವೈದ್ಯರ ಬಳಿಗೆ ಹೋಗಬೇಕು.

3. ಯಾರೋ: ಅಕಿಲಿಯ ಮಿಲ್ಲೆಫೋಲಿಯಂ. ಅದೇ ಕುಟುಂಬ.
• ಭಾರತದಲ್ಲಿ: ಕಾಶ್ಮೀರ ಸೇರಿ ಹಿಮಾಲಯ
• ಯುನಾನಿ ಹೆಸರು: ಬಿರಂಜಾಸಿಫ್
• ಬಳಕೆ: ಗಾಯ, ಜ್ವರ, ಅಜೀರ್ಣ
• ಕುಲನಾಮ: ಗ್ರೀಕ್ ವೀರ ಅಕಿಲಿಸ್‌ನಿಂದ
• ಗರ್ಭಿಣಿಯರಿಗೆ ವರ್ಜ್ಯ. ಸೇವಂತಿ ಕುಟುಂಬದ ಗಿಡಗಳ ಅಲರ್ಜಿ ಇದ್ದವರೂ ದೂರವಿರಬೇಕು

4. ಗೊಂದಲ (ಬಹುಮುಖ್ಯ): ಗಬ್ಬು ಸಾವಂತಿ ಭೃಂಗರಾಜವಲ್ಲ. ಭೃಂಗರಾಜ (ಗರುಗ) ಎಕ್ಲಿಪ್ಟ ಪ್ರಾಸ್ಟ್ರಾಟ. ತೇವದ ನೆಲ, ಪೂರ್ತಿ ಬಿಳಿ ಹೂ, ಜಜ್ಜಿದರೆ ರಸ ಕಪ್ಪಾಗುತ್ತದೆ. ಗಬ್ಬು ಸಾವಂತಿಗೆ ಉದ್ದ ತೊಟ್ಟಿನ ತುದಿಯಲ್ಲಿ ಒಂಟಿ ಹೂ, ನಡುವೆ ಹಳದಿ.



5. ಇಂಥ ಔಷಧೀಯ ಸಸ್ಯಗಳಿಗೆ ಸಂಬಂಧಿಸಿದ ಸಂಸ್ಥೆ ರಾಷ್ಟ್ರೀಯ ಔಷಧೀಯ ಸಸ್ಯ ಮಂಡಳಿ: ಸ್ಥಾಪನೆ 2000, ಈಗ ಆಯುಷ್ ಸಚಿವಾಲಯದಡಿ.