‘ತಕ್ಕ್’ನ ಕೊನೆಯಲ್ಲಿ ಕಾಣೆಯಾದ ಸ್ವರ

ಹಾಸ್ಟೆಲಿನಲ್ಲಿ ಕೊಡವ ಗೆಳೆಯರಿದ್ದರೆ ಅವರ ಭಾಷೆಯ ಹೆಸರನ್ನು ಒಮ್ಮೆ ಹೇಳಿಸಿ ನೋಡಿ. ‘ಕೊಡವ ತಕ್ಕ್’ ಅಂತ ನಾವು ಬರೀತೀವಿ. ಆದರೆ ಕೊನೆಯಲ್ಲಿ ತುಟಿ ಗುಂಡಗಾಗದ ಒಂದು ಪುಟ್ಟ ‘ಉ’ ಕೇಳುತ್ತೆ. ಅದಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲ. ಹಾಗಾಗಿ ‘ಇಲ್ಲಿ ಸ್ವರವೇ ಇಲ್ಲ’ ಎನ್ನುವ ಗುರುತನ್ನೇ ಹಾಕಿ ಸುಮ್ಮನಾಗ್ತೀವಿ.

ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ 1924ರಲ್ಲಿ ಬಂದದ್ದೂ ಕನ್ನಡ ಲಿಪಿಯಲ್ಲೇ. ಪ್ರತ್ಯೇಕ ಲಿಪಿಯ ಪ್ರಯತ್ನಗಳೇನೂ ಕಡಿಮೆಯಿಲ್ಲ: 1887ರಲ್ಲಿ ಕೊರವಂಡ ಅಪ್ಪಯ್ಯ, 1970ರ ದಶಕದಲ್ಲಿ ಐ.ಎಂ. ಮುತ್ತಣ್ಣ, 2005ರಲ್ಲಿ ಭಾಷಾತಜ್ಞ ಗ್ರೆಗ್ ಕಾಕ್ಸ್. ಕೊಡವ ಸಾಹಿತ್ಯ ಅಕಾಡೆಮಿ 2022ರಲ್ಲಿ ಮುತ್ತಣ್ಣನವರ ಲಿಪಿಯನ್ನು ಒಪ್ಪಿಕೊಂಡಿತು.

ಒಪ್ಪಿಗೆ ಸಿಕ್ಕರೆ ಲಿಪಿ ಬದುಕುತ್ತಾ? ನನಗೆ ಅನುಮಾನ. ಕನ್ನಡದ ದುಂಡು ಅಕ್ಷರ ಯಾರೋ ಒಬ್ಬರು ಕೂತು ಮಾಡಿದ್ದಲ್ಲ. ಓಲೆಗರಿಯ ಮೇಲೆ, ಕಲ್ಲಿನ ಮೇಲೆ, ಕಾಗದದ ಮೇಲೆ ಸಾವಿರಾರು ಕೈಗಳು ಬರೆದೂ ಬರೆದೂ ಅದು ಸವೆದು ಹದವಾಯಿತು. ಕೊಡವ ಲಿಪಿಗೆ ಇನ್ನೂ ಅಂಥ ಕೈಗಳು ಸಿಕ್ಕಿಲ್ಲ.

ಇಲ್ಲಿ ಪಶ್ಚಿಮ ಆಫ್ರಿಕಾದ ಒಬ್ಬರ ನೆನಪಾಗುತ್ತೆ. ಐವರಿ ಕೋಸ್ಟ್‌ನ ಫ್ರೆಡೆರಿಕ್ ಬ್ರೂಲಿ ಬುವಾಬ್ರೆ ಸರ್ಕಾರಿ ಗುಮಾಸ್ತರಾಗಿದ್ದವರು. ತಮ್ಮ ಬೆಟೆ ಭಾಷೆಗೆ ನಾನೂರಕ್ಕೂ ಹೆಚ್ಚು ಚಿತ್ರಾಕ್ಷರ ಕಟ್ಟಿದರು, ಒಂದೊಂದು ಉಚ್ಚಾರಕ್ಕೆ ಒಂದೊಂದು. ಆಮೇಲೆ ಅವನ್ನು ಸಣ್ಣ ಕಾರ್ಡುಗಳ ಮೇಲೆ ಬಾಲ್‌ಪೆನ್, ಬಣ್ಣದ ಪೆನ್ಸಿಲಿನಲ್ಲಿ ಬಿಡಿಸಿದರು. ಅವರ ಕಾರ್ಡುಗಳು 1989ರಲ್ಲಿ ಪ್ಯಾರಿಸ್ಸಿನ ಪ್ರದರ್ಶನಕ್ಕೆ, 2022ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಮ್ಮಿಗೆ ಹೋದವು. ಆ ಲಿಪಿಯನ್ನು ಹೊರಜಗತ್ತು ನೋಡಿದ್ದು ಚಿತ್ರವಾಗಿ.

ಹಾಗಾದರೆ ನಾವೇನು ಮಾಡಬಹುದು? ಫಾಂಟ್‌ಗೆ ಮೊದಲೇ ಕೈ ಹಾಕಬೇಡಿ (ನಮ್ಮ ಜಾತಿಯೇ ಹಾಗೆ, ಮೊದಲು ಸಾಫ್ಟ್‌ವೇರ್ ಹುಡುಕ್ತೀವಿ). ಚಪ್ಪಟೆ ಮೂತಿಯ ಪೆನ್ನು ತಗೊಂಡು ಒಂದೇ ಅಕ್ಷರವನ್ನು ಗ್ರಾಫ್ ಹಾಳೆಯಲ್ಲಿ ನೂರು ಸಲ ಬರೀರಿ, ಬರಬರುತ್ತಾ ವೇಗ ಹೆಚ್ಚಿಸಿ. ಎಲ್ಲಿ ಪೆನ್ನು ಎತ್ತಬೇಕಾಯಿತು, ಯಾವ ಮೂಲೆ ತಾನಾಗಿ ದುಂಡಗಾಯಿತು ಅಂತ ಗುರುತು ಮಾಡ್ಕೊಳ್ಳಿ. ಫೆಸ್ಟಿನ ಪೋಸ್ಟರಿಗೆ ಅದೇ ಅಕ್ಷರ ಬಳಸಿ, ಕೊಡವ ಬಲ್ಲವರಿಗೆ ತೋರಿಸಿ.

ಆಮೇಲೆ ಫಾಂಟ್‌ಫೋರ್ಜ್. ತುಳು-ತಿಗಳಾರಿಗೆ 2024ರ ಯೂನಿಕೋಡ್ 16ರಲ್ಲಿ ಜಾಗ ಸಿಕ್ಕಿತು, ಕೊಡವ ಲಿಪಿಗೆ ಇನ್ನೂ ಇಲ್ಲ. ಸದ್ಯಕ್ಕೆ E000ದಿಂದ ಶುರುವಾಗುವ ಖಾಸಗಿ ಬಳಕೆಯ 6,400 ಸ್ಥಾನಗಳಲ್ಲಿ ಕೂರಿಸಬಹುದು. ಪೋಸ್ಟರಿಗೆ ಅಷ್ಟು ಸಾಕು. ವಾಟ್ಸಾಪಿನಲ್ಲಿ ಟೈಪ್ ಮಾಡಿ ಕಳಿಸಿದರೆ ಮಾತ್ರ ಆ ಕಡೆಯವರಿಗೆ ಖಾಲಿ ಚೌಕಗಳು ಕಾಣುತ್ತವೆ. ಅದಕ್ಕೇ ಚಿತ್ರವಾಗಿಯೇ ಕಳಿಸಿ.