ಸ್ವತಂತ್ರ ವೃತ್ತಿ: ದರ, ಕರಾರು ಮತ್ತು ವಸೂಲಿ

ಇತ್ತೀಚಿನ ವರ್ಷಗಳಲ್ಲಿ ನಮ್ಮ ವ್ಯಾಪಾರ-ಉದ್ಯಮ ವಲಯದಲ್ಲಿ ಹೊಸದೊಂದು ವರ್ಗ ಬೆಳೆಯುತ್ತಿರುವುದನ್ನು ಸದಸ್ಯರೆಲ್ಲರೂ ಗಮನಿಸಿರಬಹುದು. ಯಂತ್ರಭಾಗಗಳ ನಕ್ಷೆ ತಯಾರಿಸುವವರು, ಪ್ಯಾಕಿಂಗ್ ವಿನ್ಯಾಸಕಾರರು, ಲೆಕ್ಕಪತ್ರ ಬರೆಯುವವರು, ಸಾಫ್ಟ್‌ವೇರ್ ಹೊಂದಿಸಿಕೊಡುವವರು, ಗುಣಮಟ್ಟ ತಪಾಸಣೆ ಮಾಡುವವರು ಮುಂತಾದವರು ಒಂದೇ ಸಂಸ್ಥೆಯ ನೌಕರರಾಗಿ ಉಳಿಯದೆ, ಹಲವು ಸಂಸ್ಥೆಗಳಿಗೆ ಸ್ವತಂತ್ರವಾಗಿ ಕೆಲಸ ಮಾಡಿಕೊಡುತ್ತಿದ್ದಾರೆ. ಇದನ್ನೇ ಫ್ರೀಲಾನ್ಸ್ ವೃತ್ತಿ ಎಂದು ಕರೆಯುವುದು ವಾಡಿಕೆ. ನಮ್ಮ ಸದಸ್ಯರ ಮಕ್ಕಳಲ್ಲಿಯೂ ಅನೇಕರು ಈ ದಾರಿ ಹಿಡಿದಿದ್ದಾರೆ. ನಮ್ಮಲ್ಲಿ ಹಲವರು ಇಂಥವರಿಂದ ಕೆಲಸ ಮಾಡಿಸಿಕೊಳ್ಳುತ್ತಿದ್ದೇವೆ. ಜಾಬ್ ವರ್ಕ್ ಮಾಡುವ ಸಣ್ಣ ಉತ್ಪಾದಕರ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವೇನಲ್ಲ.

ಇಂಥ ವೃತ್ತಿಗಳು ಸೋಲುವುದು ಕೆಲಸ ಸಿಗದೆ ಎಂಬ ನಂಬಿಕೆ ಸಾಮಾನ್ಯವಾಗಿದೆ. ಕೆಲಸ ಸಿಗದೆ ಸೋತವರೂ ಇದ್ದಾರೆ. ಆದರೆ ಮೂರು ದಶಕಗಳ ನನ್ನ ವೃತ್ತಿಜೀವನದಲ್ಲಿ ಕಂಡುಬಂದದ್ದನ್ನು ಹೇಳುವುದಾದರೆ, ಕೈತುಂಬ ಕೆಲಸವಿದ್ದೂ ಸೋತವರೇ ಹೆಚ್ಚು. ಅವರು ಸೋತದ್ದು ತಮ್ಮ ಒಂದು ದಿನದ ನಿಜವಾದ ಬೆಲೆಯನ್ನು ಲೆಕ್ಕ ಹಾಕದೆ ಇದ್ದುದರಿಂದ ಮತ್ತು ದುಡಿದ ಹಣವನ್ನು ಕೇಳಿ ಪಡೆಯಲು ಸಂಕೋಚಪಟ್ಟದ್ದರಿಂದ.

ಒಂದು ಪ್ರಕರಣ

ಕೆಲವು ವರ್ಷಗಳ ಹಿಂದೆ ಯಂತ್ರಭಾಗಗಳ ನಕ್ಷೆ ತಯಾರಿಸುವ ಯುವಕರೊಬ್ಬರು ನನ್ನ ಕಚೇರಿಗೆ ಬಂದಿದ್ದರು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಕಾರ್ಖಾನೆಯೊಂದರಲ್ಲಿ ತಿಂಗಳಿಗೆ 30,000 ರೂ. ಸಂಬಳ ಪಡೆಯುತ್ತಿದ್ದವರು ಅದನ್ನು ಬಿಟ್ಟು, ನಾಲ್ಕು ಕಾರ್ಖಾನೆಗಳಿಗೆ ಸ್ವತಂತ್ರವಾಗಿ ನಕ್ಷೆ ಮಾಡಿಕೊಡುತ್ತಿದ್ದರು. ಬಿಲ್ಲುಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ತಂದು ಮೇಜಿನ ಮೇಲಿಟ್ಟು ಅವರು ಹೇಳಿದ ಮಾತು ಇಷ್ಟೇ: "ಸರ್, ಕೆಲಸಕ್ಕೇನೂ ಕೊರತೆ ಇಲ್ಲ. ಹಣ ಎಲ್ಲಿ ಹೋಗುತ್ತದೆ ಎಂಬುದೇ ತಿಳಿಯುತ್ತಿಲ್ಲ."

ಅವರು ದರ ನಿಗದಿ ಮಾಡಿದ್ದ ಕ್ರಮ ಸರಳವಾಗಿತ್ತು. ಸಂಬಳ 30,000 ರೂ., ಕೆಲಸದ ದಿನಗಳು 25, ಆದುದರಿಂದ ದಿನಕ್ಕೆ 1,200 ರೂ. ಎಂದು ಲೆಕ್ಕ ಹಾಕಿದ್ದರು. ವರ್ಷದ ಬಿಲ್ಲುಗಳನ್ನು ಕೂಡಿಸಿ ನೋಡಿದಾಗ 190 ದಿನಗಳ ಕೆಲಸಕ್ಕೆ 2,28,000 ರೂ. ಬಿಲ್ಲಾಗಿತ್ತು. ಅದರಲ್ಲಿ 70,000 ರೂ. ಮಾರ್ಚ್ ಕೊನೆಯವರೆಗೂ ವಸೂಲಾಗಿರಲಿಲ್ಲ. ಕಂಪ್ಯೂಟರ್ ಸವಕಳಿ, ಸಾಫ್ಟ್‌ವೇರ್ ಪರವಾನಗಿ, ವಿದ್ಯುತ್, ಇಂಟರ್ನೆಟ್, ಓಡಾಟ ಇವುಗಳ ವೆಚ್ಚ 1,20,000 ರೂ. ಅಂದರೆ ಇಡೀ ವರ್ಷದ ದುಡಿಮೆಯಿಂದ ಅವರ ಪಾಲಿಗೆ ಉಳಿದದ್ದು 38,000 ರೂ. ತಿಂಗಳಿಗೆ 3,200 ರೂಪಾಯಿಯೂ ಆಗದು. ಮನೆ ನಡೆದದ್ದು ಶಾಲಾ ಶಿಕ್ಷಕಿಯಾಗಿದ್ದ ಅವರ ಪತ್ನಿಯ ಸಂಬಳದಿಂದ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ನಂಬಿ ದುಡಿದವರಿಗೆ ಕೆಸರು ಮಾತ್ರ ಉಳಿದಿತ್ತು.

ದಿನದ ದರವನ್ನು ಕಟ್ಟುವ ಬಗೆ

ಈ ಲೆಕ್ಕದಲ್ಲಿ ತಪ್ಪಿದ್ದೆಲ್ಲಿ? ನೌಕರನಿಗೆ ರಜೆಯ ದಿನಕ್ಕೂ ಸಂಬಳವಿದೆ. ಸ್ವತಂತ್ರ ವೃತ್ತಿಯವನಿಗೆ ಬಿಲ್ಲು ಮಾಡಿದ ದಿನಕ್ಕೆ ಮಾತ್ರ ಆದಾಯವಿದೆ. ಆದುದರಿಂದ ಮೊದಲು ದಿನಗಳನ್ನು ಎಣಿಸಬೇಕು.

ವರ್ಷದ 365 ದಿನಗಳಲ್ಲಿ 52 ಭಾನುವಾರಗಳು, 13 ಹಬ್ಬದ ದಿನಗಳು, ಕಾಯಿಲೆ-ಮದುವೆ-ಮುಂಜಿ ಮುಂತಾದವುಗಳಿಗೆ 15 ದಿನಗಳು ಹೋದರೆ ಉಳಿಯುವುದು 285. ಇದರಲ್ಲಿ ಮೂರನೆಯ ಒಂದು ಭಾಗ, ಅಂದರೆ 95 ದಿನಗಳು, ಗ್ರಾಹಕರನ್ನು ಕಾಣುವುದು, ದರಪಟ್ಟಿ ಕೊಡುವುದು, ಬಾಕಿಗಾಗಿ ಅಲೆಯುವುದು, ಲೆಕ್ಕ ಬರೆಯುವುದು, ಹೊಸ ವಿದ್ಯೆ ಕಲಿಯುವುದು ಇವುಗಳಿಗೆ ವ್ಯಯವಾಗುತ್ತದೆ. ಈ ದಿನಗಳಿಗೆ ಯಾರೂ ಹಣ ಕೊಡುವುದಿಲ್ಲ. ಬಿಲ್ಲು ಮಾಡಬಹುದಾದ ದಿನಗಳು 190 ಮಾತ್ರ.

ಎರಡನೆಯದಾಗಿ, ಈ 190 ದಿನಗಳು ಹೊರಬೇಕಾದ ಭಾರವನ್ನು ಲೆಕ್ಕ ಹಾಕಬೇಕು:

ಸ್ವಂತ ದುಡಿಮೆಯ ಸಂಬಳ: 3,60,000 ರೂ.
ಭವಿಷ್ಯನಿಧಿ, ಬೋನಸ್, ಗ್ರಾಚ್ಯುಟಿ, ಆರೋಗ್ಯ ವಿಮೆ ಇವುಗಳ ಬದಲಿಗೆ: 60,000 ರೂ.
ವೃತ್ತಿಯ ವೆಚ್ಚಗಳು: 1,20,000 ರೂ.
ಮುಳುಗುವ ಬಾಕಿ ಮತ್ತು ಕೆಲಸವಿಲ್ಲದ ತಿಂಗಳುಗಳಿಗೆ ಮೀಸಲು: 30,000 ರೂ.
ಒಟ್ಟು: 5,70,000 ರೂ.

ಇದನ್ನು 190ರಿಂದ ಭಾಗಿಸಿದರೆ ದಿನಕ್ಕೆ 3,000 ರೂ. ಬರುತ್ತದೆ. ಇಲ್ಲಿ ಲಾಭವೆಂಬುದು ಇನ್ನೂ ಸೇರಿಲ್ಲ. ಹಿಂದಿನ ಸಂಬಳಕ್ಕೆ ಸರಿಸಮವಾಗಲು ಬೇಕಾದ ಕನಿಷ್ಠ ದರವಿದು. ನಮ್ಮ ಯುವಕರು ಇದರ ಐದನೆಯ ಎರಡು ಭಾಗಕ್ಕೆ ದುಡಿಯುತ್ತಿದ್ದರು. ಅಂಕಿಗಳು ಪ್ರತಿಯೊಬ್ಬರಿಗೂ ಬೇರೆಯಾಗಿರುತ್ತವೆ. ಲೆಕ್ಕದ ಕ್ರಮ ಮಾತ್ರ ಎಲ್ಲರಿಗೂ ಒಂದೇ.

ಗ್ರಾಹಕರಿಗೆ ದಿನದ ದರವನ್ನು ಹೇಳುವುದಕ್ಕಿಂತ ಕೆಲಸದ ದರವನ್ನು ಹೇಳುವುದು ಉತ್ತಮ. ನಾಲ್ಕು ದಿನಗಳ ನಕ್ಷೆಗೆ 12,000 ರೂ. ಎಂದರೆ ಗ್ರಾಹಕನು ಕೆಲಸದ ಫಲವನ್ನು ತೂಗಿ ನೋಡುತ್ತಾನೆ. ದಿನಕ್ಕೆ 3,000 ರೂ. ಎಂದರೆ ತನ್ನ ನೌಕರನ ಸಂಬಳದೊಡನೆ ಹೋಲಿಸುತ್ತಾನೆ. ಆ ಹೋಲಿಕೆಯೂ ವಾಸ್ತವವಾಗಿ ಸರಿಯಲ್ಲ. ವರ್ಷಕ್ಕೆ 40 ದಿನಗಳ ನಕ್ಷೆ ಕೆಲಸ ಮಾತ್ರ ಇರುವ ಕಾರ್ಖಾನೆಯು ಸ್ವತಂತ್ರ ವೃತ್ತಿಯವರಿಗೆ 1,20,000 ರೂ. ಕೊಡುತ್ತದೆ. ಅದೇ ಕೆಲಸಕ್ಕೆ ಕಾಯಂ ನೌಕರನನ್ನು ಇಟ್ಟುಕೊಂಡರೆ ಸಂಬಳ ಮತ್ತು ಇತರ ಸೌಲಭ್ಯಗಳು ಸೇರಿ 4,20,000 ರೂ. ತಗಲುತ್ತದೆ. ಇದನ್ನು ಗ್ರಾಹಕರಿಗೆ ವಿನಯದಿಂದ ತಿಳಿಸುವುದರಲ್ಲಿ ತಪ್ಪೇನಿಲ್ಲ.

ಕರಾರು: ಅರ್ಧ ಪುಟ ಸಾಕು

ಪರಿಚಯದ ಊರಿನಲ್ಲಿ ಕರಾರು ಬರೆದುಕೊಳ್ಳುವುದನ್ನು ಅವಿಶ್ವಾಸವೆಂದು ತಿಳಿಯುವವರಿದ್ದಾರೆ. ಕರಾರು ಅವಿಶ್ವಾಸದ ಗುರುತಲ್ಲ, ನೆನಪಿನ ಸಾಧನ. ವಕೀಲರಿಂದ ಬರೆಸಿದ ಹತ್ತು ಪುಟಗಳ ಪತ್ರವೇನೂ ಬೇಕಾಗಿಲ್ಲ. ಇ-ಮೇಲ್ ಅಥವಾ ಸಹಿ ಮಾಡಿದ ಅರ್ಧ ಪುಟದಲ್ಲಿ ಐದು ಸಂಗತಿಗಳು ಸ್ಪಷ್ಟವಾಗಿದ್ದರೆ ಸಾಕು:

1. ಕೆಲಸ ಯಾವುದು, ಯಾವುದು ಅದರಲ್ಲಿ ಸೇರಿಲ್ಲ.
2. ಎಷ್ಟು ಬಾರಿ ತಿದ್ದುಪಡಿ ಉಚಿತ, ಅನಂತರದ ಪ್ರತಿ ತಿದ್ದುಪಡಿಗೆ ಎಷ್ಟು ದರ.
3. ಮುಂಗಡ ಎಷ್ಟು, ಉಳಿದದ್ದು ಯಾವ ಹಂತದಲ್ಲಿ.
4. ಕೆಲಸ ಒಪ್ಪಿಸಿದ ಎಷ್ಟು ದಿನಗಳೊಳಗೆ ಹಣ ಪಾವತಿ.
5. ಕೆಲಸ ನಡುವೆ ನಿಂತರೆ ಅದುವರೆಗಿನ ಶ್ರಮಕ್ಕೆ ಏನು.

ಇವುಗಳಲ್ಲಿ ಎರಡನೆಯದನ್ನು ಮರೆಯುವವರೇ ಹೆಚ್ಚು. ಮೇಲೆ ಹೇಳಿದ ಪ್ರಕರಣದಲ್ಲಿ ಒಂದೇ ಫಿಕ್ಸ್‌ಚರ್‌ನ ನಕ್ಷೆಯನ್ನು ಏಳು ಬಾರಿ ಬದಲಿಸಿಕೊಡಲಾಗಿತ್ತು. ಬಿಲ್ಲಾದದ್ದು ಒಂದು ಬಾರಿಗೆ. ಮುಂಗಡವಾಗಿ ಮೂರನೆಯ ಒಂದು ಭಾಗವನ್ನಾದರೂ ಕೇಳಬೇಕು. ಮುಂಗಡ ಕೊಡಲು ಒಪ್ಪದ ಹೊಸ ಗ್ರಾಹಕನು ಕೊನೆಯಲ್ಲಿಯೂ ತೊಡಕು ಮಾಡುವ ಸಂಭವ ಹೆಚ್ಚೆಂಬುದು ನನ್ನ ಅನುಭವ.

ಬಿಲ್ಲು ಮತ್ತು ವಸೂಲಿ

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. 1990ರ ದಶಕದಲ್ಲಿ ನಾನು ವೃತ್ತಿ ಆರಂಭಿಸಿದಾಗ, ಪರಿಚಯಸ್ಥರೊಬ್ಬರ ಅಂಗಡಿಯ ಲೆಕ್ಕವನ್ನು ಒಂದು ವರ್ಷ ನೋಡಿಕೊಟ್ಟೆ. ಹಿರಿಯರು, ತಾವಾಗಿಯೇ ಕೊಡುತ್ತಾರೆ ಎಂದು ಭಾವಿಸಿ ಬಿಲ್ಲು ಕಳುಹಿಸಲಿಲ್ಲ. ಮೂರು ವರ್ಷಗಳು ಕಳೆದ ಮೇಲೆ ಧೈರ್ಯ ಮಾಡಿ ಕೇಳಿದಾಗ ಅವರು ಹೇಳಿದರು: "ನೀವು ಕೇಳಲೇ ಇಲ್ಲವಲ್ಲ, ಮನೆಯವರಂತೆ ಮಾಡಿಕೊಟ್ಟಿರಿ ಎಂದುಕೊಂಡೆ." ಅವರ ಮಾತಿನಲ್ಲಿ ಕಪಟವಿರಲಿಲ್ಲ. ತಪ್ಪು ನನ್ನದೇ ಆಗಿತ್ತು. ಮಾಡಿದ ಕೆಲಸದ ಹಣಕ್ಕಾಗಿ ದಾವೆ ಹೂಡಲು 1963ರ ಕಾಲಪರಿಮಿತಿ ಕಾಯಿದೆಯು ಮೂರು ವರ್ಷಗಳ ಅವಧಿಯನ್ನು ವಿಧಿಸಿದೆ. ಆ ಅವಧಿ ಮುಗಿಯುವ ಮೊದಲೇ ಸಾಲಗಾರನು ಬಾಕಿಯನ್ನು ಬರವಣಿಗೆಯಲ್ಲಿ ಒಪ್ಪಿಕೊಂಡರೆ ಅವಧಿ ಹೊಸದಾಗಿ ಆರಂಭವಾಗುತ್ತದೆ. ಆದುದರಿಂದ ಪ್ರತಿ ವರ್ಷ ಮಾರ್ಚ್ ಕೊನೆಗೆ ಬಾಕಿಯ ದೃಢೀಕರಣ ಪತ್ರಕ್ಕೆ ಗ್ರಾಹಕರ ಸಹಿ ಪಡೆಯುವುದು ಒಳ್ಳೆಯ ರೂಢಿ.

ಕೆಲಸ ಒಪ್ಪಿಸಿದ ದಿನವೇ ಬಿಲ್ಲು ಹೋಗಬೇಕು. ಗಡುವಿಗೆ ಐದು ದಿನ ಮೊದಲು ಒಂದು ನೆನಪೋಲೆ, ಗಡುವು ಮೀರಿದ ಮರುದಿನ ಒಂದು ದೂರವಾಣಿ ಕರೆ, ಹದಿನೈದು ದಿನಗಳ ಅನಂತರ ಲಿಖಿತ ಪತ್ರ, ಹಳೆಯ ಬಾಕಿ ತೀರುವವರೆಗೆ ಹೊಸ ಕೆಲಸ ಇಲ್ಲ. ಇದು ಎಲ್ಲ ಗ್ರಾಹಕರಿಗೂ ಒಂದೇ ನಿಯಮವಾಗಿದ್ದರೆ ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

ಕಾನೂನಿನ ಬೆಂಬಲವೂ ಇದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ 15ನೆಯ ಕಲಮಿನಂತೆ, ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಸರಕು ಅಥವಾ ಸೇವೆ ಪಡೆದವರು ಲಿಖಿತ ಕರಾರಿದ್ದರೆ ಕರಾರಿನ ದಿನದೊಳಗೆ, ಆದರೆ ಯಾವ ಕಾರಣಕ್ಕೂ 45 ದಿನಗಳನ್ನು ಮೀರದಂತೆ, ಹಣ ಪಾವತಿ ಮಾಡಬೇಕು. ಕರಾರಿಲ್ಲದಿದ್ದರೆ 15 ದಿನಗಳ ಅವಧಿ. ತಡವಾದರೆ 16ನೆಯ ಕಲಮಿನಂತೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಮಾಸಿಕ ಚಕ್ರಬಡ್ಡಿ. ವಿವಾದವನ್ನು 18ನೆಯ ಕಲಮಿನಡಿ ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್‌ಗೆ ಒಯ್ಯಬಹುದು. ಇದಕ್ಕೆ ಉದ್ಯಮ್ ನೋಂದಣಿ ಅಗತ್ಯ. ನೋಂದಣಿ ಉಚಿತವಾಗಿದ್ದು, ಸೇವೆ ನೀಡುವ ಒಬ್ಬ ವ್ಯಕ್ತಿಯೂ ಮಾಡಿಸಿಕೊಳ್ಳಬಹುದು. ಕೆಲಸ ಒಪ್ಪಿಕೊಳ್ಳುವ ಮೊದಲೇ ಮಾಡಿಸಿಕೊಂಡು, ಸಂಖ್ಯೆಯನ್ನು ಬಿಲ್ಲಿನ ಮೇಲೆ ಮುದ್ರಿಸುವುದು ಕ್ಷೇಮಕರ. ಬರಿಯ ಕೊಂಡು ಮಾರುವ ವ್ಯಾಪಾರಿಗಳಿಗೆ 2021ರಿಂದ ಈ ನೋಂದಣಿ ದೊರೆಯುತ್ತಿದ್ದರೂ ಅದು ಆದ್ಯತಾ ವಲಯದ ಸಾಲಕ್ಕೆ ಮಾತ್ರ ಸೀಮಿತ ಎಂಬುದನ್ನು ಗಮನಿಸಬೇಕು.

ಖಾತೆ ಬೇರೆ, ತೆರಿಗೆಯ ಹಣ ಬೇರೆ

ವೃತ್ತಿಗೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು, ಅದರಿಂದ ತಿಂಗಳಿಗೊಮ್ಮೆ ನಿಶ್ಚಿತ ಮೊತ್ತವನ್ನು ಸಂಬಳದಂತೆ ಮನೆಯ ಖಾತೆಗೆ ವರ್ಗಾಯಿಸಬೇಕು. ಒಳ್ಳೆಯ ತಿಂಗಳಲ್ಲಿ ಹೆಚ್ಚು ತೆಗೆಯದಿದ್ದರೆ ಮಾತ್ರ ಕೆಟ್ಟ ತಿಂಗಳಲ್ಲಿ ತೆಗೆಯಲು ಹಣವಿರುತ್ತದೆ.

ಗ್ರಾಹಕರು ಮೂಲದಲ್ಲಿ ಕಡಿತ ಮಾಡಿದ ತೆರಿಗೆಯನ್ನು ನಷ್ಟವೆಂದು ಬರೆದುಬಿಡುವವರಿದ್ದಾರೆ. ಅದು ನಿಮ್ಮ ಹೆಸರಿನಲ್ಲಿ ಸರ್ಕಾರದ ಬಳಿ ಇರುವ ಜಮೆ. ಎಂಜಿನಿಯರಿಂಗ್, ತಾಂತ್ರಿಕ ಸಲಹೆ, ಲೆಕ್ಕಪತ್ರ, ಮಾಹಿತಿ ತಂತ್ರಜ್ಞಾನ ಮುಂತಾದ ನಿಗದಿತ ವೃತ್ತಿಗಳಿಗೆ 2016ರ ಹಣಕಾಸು ಕಾಯಿದೆಯು ಅಂದಾಜು ಆದಾಯದ ಪದ್ಧತಿಯನ್ನು ತಂದಿತು. ವಾರ್ಷಿಕ ಸ್ವೀಕೃತಿ 50 ಲಕ್ಷ ರೂ. ಮೀರದಿದ್ದರೆ, ಅಥವಾ ನಗದು ಸ್ವೀಕೃತಿ ಶೇ. 5ರೊಳಗಿದ್ದಲ್ಲಿ 75 ಲಕ್ಷ ರೂ. ಮೀರದಿದ್ದರೆ, ಸ್ವೀಕೃತಿಯ ಅರ್ಧವನ್ನು ಆದಾಯವೆಂದು ತೋರಿಸಬಹುದು. ನಿಜವಾದ ಆದಾಯ ಹೆಚ್ಚಿದ್ದರೆ ಹೆಚ್ಚೇ ತೋರಿಸಬೇಕು. ಉದಾಹರಣೆಗೆ 6 ಲಕ್ಷ ರೂ. ಸ್ವೀಕೃತಿಯ ಮೇಲೆ ಶೇ. 10ರಂತೆ 60,000 ರೂ. ಕಡಿತವಾಗಿದೆ ಎನ್ನೋಣ. ಆದಾಯ 3 ಲಕ್ಷ ರೂ. ಮಾತ್ರವಾಗಿ ಬೇರೆ ಆದಾಯವಿಲ್ಲದಿದ್ದರೆ, 2025-26ರ ಹಣಕಾಸು ವರ್ಷದ ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯಿಲ್ಲದ ಕಾರಣ ಇಡೀ 60,000 ರೂ. ಮರಳಿ ಬರುತ್ತದೆ. ಆದರೆ ವಿವರಣಾ ಪತ್ರ ಸಲ್ಲಿಸಿದವರಿಗೆ ಮಾತ್ರ. ತಮ್ಮ ಕೆಲಸವು ನಿಗದಿತ ವೃತ್ತಿಗಳ ಪಟ್ಟಿಯಲ್ಲಿ ಬರುವುದೇ ಎಂಬುದನ್ನು ಮೊದಲು ವಿಚಾರಿಸಿಕೊಳ್ಳಬೇಕು. ಜಾರಿಯ ದಿನಾಂಕ 2026ರ ಏಪ್ರಿಲ್ 1 ಆಗಿರುವ 2025ರ ಆದಾಯ ತೆರಿಗೆ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆಯಾದ್ದರಿಂದ ಹಳೆಯ ಸಂಖ್ಯೆಗಳನ್ನೇ ನೆಚ್ಚಬಾರದು.

ಕರ್ನಾಟಕದಲ್ಲಿ ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂ. ಮೀರಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ನೋಂದಣಿಯಾದ ಮೇಲೆ ಗ್ರಾಹಕರಿಂದ ಪಡೆದ ಜಿಎಸ್‌ಟಿ ಹಣವನ್ನು ಸ್ವಂತ ಹಣದೊಡನೆ ಬೆರೆಸಬಾರದು.

ಕೆಲಸ ಮಾಡಿಸಿಕೊಳ್ಳುವವರಿಗೆ ಒಂದು ಮಾತು

ಈ ಲೇಖನ ಓದುವ ಸದಸ್ಯರಲ್ಲಿ ಹೆಚ್ಚಿನವರು ಹಣ ಕೊಡುವ ಪಕ್ಷದಲ್ಲಿಯೂ ಇದ್ದೀರಿ. 2023ರ ಹಣಕಾಸು ಕಾಯಿದೆಯ ಮೂಲಕ ಬಂದು 2024-25ರ ಕರನಿರ್ಧರಣ ವರ್ಷದಿಂದ ಜಾರಿಯಾದ ನಿಯಮದಂತೆ, ಸೂಕ್ಷ್ಮ ಅಥವಾ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣ ಮೇಲೆ ಹೇಳಿದ ಕಾಲಮಿತಿ ಮೀರಿ ಮಾರ್ಚ್ 31ರಂದು ಬಾಕಿ ಉಳಿದರೆ, ಆ ವೆಚ್ಚ ಆ ವರ್ಷ ನಿಮಗೆ ಕಳೆಯಲು ಸಿಗುವುದಿಲ್ಲ. ಹಣ ಕೊಟ್ಟ ವರ್ಷವೇ ಸಿಗುತ್ತದೆ. ತಡ ಪಾವತಿಯ ಬಡ್ಡಿಯಂತೂ ಎಂದೂ ಕಳೆಯಲು ಬಾರದು. ತೆರಿಗೆಯ ಭಯ ಒಂದು ಕಡೆಗಿರಲಿ. ನಮ್ಮ ದೊಡ್ಡ ಗ್ರಾಹಕರು ನಮ್ಮ ಹಣವನ್ನು ತಡೆಹಿಡಿದಾಗ ನಾವು ಪಡುವ ಕಷ್ಟವನ್ನೇ ನಾವು ನಕ್ಷೆ ಮಾಡುವ ಹುಡುಗನಿಗೆ ದಾಟಿಸುತ್ತಿದ್ದೇವೆ. 12,000 ರೂಪಾಯಿಯ ಬಿಲ್ಲು ನಮ್ಮ ಖತಾವಣಿಯಲ್ಲಿ ಸಣ್ಣ ಸಾಲು. ಅವರ ಮನೆಯಲ್ಲಿ ಅದೇ ತಿಂಗಳ ದಿನಸಿ, ಮಗುವಿನ ಶುಲ್ಕ.

ಆ ಯುವಕರು ಮುಂದಿನ ಏಪ್ರಿಲ್‌ನಿಂದ ಹೊಸ ದರಪಟ್ಟಿ ಕೊಟ್ಟರು. ನಾಲ್ವರು ಗ್ರಾಹಕರಲ್ಲಿ ಒಬ್ಬರು ಬಿಟ್ಟುಹೋದರು; ಒಬ್ಬರು ಚೌಕಾಸಿ ಮಾಡಿ ಕಡಿಮೆಗೆ ಒಪ್ಪಿಸಿದರು; ಇಬ್ಬರು ಹೆಚ್ಚು ಮಾತಿಲ್ಲದೆ ಒಪ್ಪಿದರು. ಆ ವರ್ಷ ಕೆಲಸದ ದಿನಗಳು ಕಡಿಮೆಯಾದವು, ಕೈಗೆ ಉಳಿದ ಹಣ ಹೆಚ್ಚಾಯಿತು. ಹಿಂದಿನ ಸಂಬಳವನ್ನು ಮುಟ್ಟಲು ಮತ್ತೊಂದು ವರ್ಷ ಬೇಕಾಯಿತು. ಈಗ ಅವರು ಬಿಲ್ಲುಗಳನ್ನು ಚೀಲದಲ್ಲಿ ತರುವುದಿಲ್ಲ, ದಿನಾಂಕವಾರು ಕಡತದಲ್ಲಿ ತರುತ್ತಾರೆ.

ಸ್ವತಂತ್ರ ವೃತ್ತಿ ಆರಂಭಿಸಬೇಕೆಂದಿರುವ ನಿಮ್ಮ ಮಗನಿಗಾಗಲಿ ಮಗಳಿಗಾಗಲಿ ಬಂಡವಾಳ ಕೊಡುವ ಮೊದಲು ಒಂದು ಹಾಳೆಯ ಮೇಲೆ ಈ 190 ದಿನಗಳ ಲೆಕ್ಕವನ್ನು ಅವರಿಂದಲೇ ಬರೆಸಿರಿ. ತನ್ನ ದಿನದ ಬೆಲೆಯನ್ನು ತಾನೇ ಅರಿಯದವನಿಗೆ ಮಾರುಕಟ್ಟೆಯು ಆ ಬೆಲೆಯನ್ನು ಹುಡುಕಿ ಕೊಡುವುದಿಲ್ಲ.