ತೊಟ್ಟಿಲು ತೂಗಲು ಸಾಲ ಬೇಡ

ಮನೆಗೆ ಕೂಸು ಬಂದಾಗ ಕೈ ಬಿಚ್ಚಿ ಖರ್ಚು ಮಾಡಬೇಕೆನಿಸುವುದು ಸಹಜ. ಎಡವುವುದೂ ಅಲ್ಲೇ. ನಾಮಕರಣಕ್ಕೆ ಎಷ್ಟು ಜನರನ್ನು ಕರೆಯಬೇಕೆಂದು ಯೋಚಿಸುವ ಮೊದಲೇ ಹಾಲ್‌ಗೆ ಮುಂಗಡ ಕೊಟ್ಟುಬಿಡುತ್ತೀರಿ. ಆಮೇಲೆ ಹಾಲ್ ತುಂಬಲೆಂದೇ ಪಟ್ಟಿ ಬೆಳೆಯುತ್ತದೆ. ಊಟ, ಅಲಂಕಾರ, ಫೋಟೊ ಖರ್ಚೂ ಅದರ ಜೊತೆಗೇ ಬೆಳೆಯುತ್ತದೆ.

ಮೊದಲು ಕೈಯಲ್ಲಿರುವ ಹಣ ಎಷ್ಟೆಂದು ಬರೆದುಕೊಳ್ಳಿ. ನಂತರ ಕರೆಯುವವರ ಪಟ್ಟಿ, ಕೊನೆಗೆ ಜಾಗ. ಹತ್ತಿರದವರ ನಡುವೆ ಮನೆಯಲ್ಲೇ ತೊಟ್ಟಿಲಿಗೆ ಹಾಕಿ ಹೆಸರಿಟ್ಟರೆ ಶಾಸ್ತ್ರಕ್ಕೇನೂ ಕೊರತೆಯಾಗದು. ಬಂಧುಗಳ ಅಟ್ಟದಲ್ಲಿ ತೊಟ್ಟಿಲಿದ್ದರೆ ಕೇಳಿ ತನ್ನಿ. ಹಗ್ಗ, ಕೊಕ್ಕೆ ಗಟ್ಟಿಯಿವೆಯೇ ನೋಡಿಕೊಳ್ಳಿ. ಊಟಕ್ಕೆ ಕೋಸಂಬರಿ, ಪಲ್ಯ, ಅನ್ನ, ಸಾರು, ಒಂದು ಸಿಹಿ ಸಾಕು. ಉಡುಗೊರೆ ಏನು ತರಲಿ ಎಂದು ಆಪ್ತರು ಕೇಳಿದರೆ ಸಂಕೋಚಪಡದೆ ಹತ್ತಿ ಬಟ್ಟೆ, ಡಯಾಪರ್ ಎನ್ನಿ.

ಬಾಣಂತಿಗೆ ವಿಶ್ರಾಂತಿ ಬೇಕೆಂಬುದನ್ನು ಮರೆಯಬೇಡಿ. ಕೂಸನ್ನು ಎತ್ತಿಕೊಳ್ಳುವವರು ಕೈ ತೊಳೆದುಕೊಳ್ಳಲಿ. ಶಾಸ್ತ್ರವೆಂದು ಯಾರಾದರೂ ನಾಲಿಗೆಗೆ ಜೇನುತುಪ್ಪ ಸವರಲು ಬಂದರೆ ನಯವಾಗಿ ತಡೆಯಿರಿ. ವರ್ಷ ತುಂಬುವವರೆಗೆ ಅದು ಅಪಾಯ.

ಸಂಭ್ರಮದ ಗಡಿಬಿಡಿಯಲ್ಲಿ ಕಾಗದಪತ್ರದ ಕೆಲಸ ಹಿಂದೆ ಬೀಳದಿರಲಿ. 21 ದಿನದೊಳಗೆ ಜನನ ನೋಂದಣಿ ಮಾಡಿಸಿದರೆ ಶುಲ್ಕವಿಲ್ಲ. ಹೆಸರು ಇನ್ನೂ ತೀರ್ಮಾನವಾಗಿಲ್ಲವೆಂದು ಕಾಯಬೇಡಿ, ಅದನ್ನು ಆಮೇಲೆ ಸೇರಿಸಬಹುದು. ಹಣ ಉಳಿದರೆ ಮಗುವಿನ ಹೆಸರಿನಲ್ಲೇ ಇಡಿ. ಹೆಣ್ಣುಮಗುವಾದರೆ ಅಂಚೆ ಕಚೇರಿಯಲ್ಲಿ 250 ರೂಪಾಯಿಗೂ ಸುಕನ್ಯಾ ಸಮೃದ್ಧಿ ಖಾತೆ ತೆರೆಯಬಹುದು. ನೆಂಟರು ಏನೆಂದುಕೊಂಡಾರು ಎಂಬ ಅಳುಕು ಬಿಡಿ. ಸಾಲದ ಕಂತು ಕಟ್ಟುವವರು ನೀವೇ ತಾನೆ?